ಭೇದಿ ಗುಳಿಗೆ ಕೇಳುವ ಮೊದಲು ಚೀಟಿ ತೋರಿಸಿ

ಕೇಳುಗರೇ, ನಮಸ್ಕಾರ. ರಾಯಚೂರಿನ ಬಿಸಿಲು ಏರಿತೆಂದರೆ ಮೆಡಿಕಲ್ ಶಾಪ್‌ಗಳಲ್ಲಿ ಒಂದೇ ಮಾತು: “ಅಣ್ಣಾ, ಭೇದಿ ನಿಲ್ಲೋ ಗುಳಿಗೆ ಕೊಡ್ರಿ.” ಅವರು ಕೊಡುತ್ತಾರೆ, ನೀವು ನುಂಗುತ್ತೀರಿ. ಬೇರೆ ಯಾವ ಗುಳಿಗೆ ನಡೆದಿದೆ ಅಂತ ಅವರು ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. ನಾನು ಬಂದಿರುವುದು ಇದೊಂದಕ್ಕೇ: ಹೇಳಿ. ಡಾಕ್ಟರ ಚೀಟಿ ತೋರಿಸಿ. ಚೀಟಿ ಕಳೆದಿದ್ದರೆ ಖಾಲಿ ಸ್ಟ್ರಿಪ್ ತೋರಿಸಿ.

ಸಿಂಧನೂರು ಕಡೆಯ ಒಬ್ಬ ಭತ್ತದ ರೈತರು. ದಿನವಿಡೀ ಕೆಸರು, ಬೆವರು, ತೊಡೆಸಂದಿಯಲ್ಲಿ ಗಜಕರ್ಣ. ಅದಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ನಡೆದಿತ್ತು. ಮದುವೆ ಊಟ ಉಂಡು ಬಂದ ರಾತ್ರಿ ಹೊಟ್ಟೆ ಕೆಟ್ಟಿತು. ಅಳಿಯ ಭೇದಿ ನಿಲ್ಲಿಸುವ ಲೋಪೆರಮೈಡ್ ಗುಳಿಗೆ ತಂದುಕೊಟ್ಟರು. ಒಂದಕ್ಕೆ ನಿಲ್ಲಲಿಲ್ಲ, ಇನ್ನೊಂದು. ಬೆಳಗ್ಗೆ ಬಸ್ ಹಿಡಿಯಬೇಕಲ್ಲ, ಮತ್ತೆರಡು. ಆಮೇಲೂ ಎರಡು. ಮಧ್ಯಾಹ್ನಕ್ಕೆ ಭೇದಿಯೇನೋ ನಿಂತಿತು, ತಲೆ ಸುತ್ತತೊಡಗಿತು, ಎದೆ ಡವಡವ. “ಬಿಸಿಲು ಬಡಿದಿದೆ, ಮಲಗಲಿ” ಅಂದರಂತೆ ಮನೆಯವರು. ಪುಣ್ಯಕ್ಕೆ ಮಗಳು ಆ ಮಾತು ಕೇಳದೆ ಆಸ್ಪತ್ರೆಗೆ ಕರೆತಂದಳು. ಇಸಿಜಿ ತೆಗೆದರೆ ಗೆರೆ ಸರಿಯಿಲ್ಲ. ಏನೇನು ನುಂಗಿದ್ದೀರಿ ಅಂದರೆ, “ಹೊಟ್ಟೇದು ಅಷ್ಟೇ ಸರ್.” ಗಜಕರ್ಣದ್ದು? “ಅದು ಚರ್ಮದ್ದಲ್ವಾ?”

ಸ್ವಾಮಿ, ಚರ್ಮದ್ದಾದರೂ ಬಾಯಿಂದ ನುಂಗಿದ್ದು ರಕ್ತಕ್ಕೇ ಹೋಗುವುದು! ಲೋಪೆರಮೈಡನ್ನು ಒಡೆದು ಮುಗಿಸುವ ಕೆಲಸ ಲಿವರಿನದು. ಇಟ್ರಾಕೊನಜೋಲ್ ಅದಕ್ಕೆ ಅಡ್ಡಗಾಲು ಹಾಕುತ್ತದೆ. ರಕ್ತದಲ್ಲಿ ಲೋಪೆರಮೈಡ್ ಮೂರು ನಾಲ್ಕು ಪಟ್ಟು ಏರುತ್ತದೆ. ಜಾಸ್ತಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಇದನ್ನು ಎಚ್ಚರಿಸಿತ್ತು. ನೀವಾಗಿಯೇ ಕೊಂಡದ್ದಾದರೆ 2 ಮಿಲಿಗ್ರಾಂನ ಗುಳಿಗೆ ದಿನಕ್ಕೆ 4, ಅಷ್ಟೇ ಮಿತಿ. ಆ ರೈತರು ಹುಷಾರಾಗಿ ಊರಿಗೆ ಹೋದರು, ಸುಮ್ನೆ ಹೆದರಬೇಡಿ. ಆದರೆ ಚೀಟಿ ತೋರಿಸಿ.

ಒಳಗಿನಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಬೇಗ ಹೇಳಿಬಿಡುತ್ತೇನೆ. ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ನುಂಗುವಾಗ ಕುಡಿತ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ನಡೆದಿದ್ದರಂತೂ ಡಾಕ್ಟರನ್ನು ಕೇಳದೆ ಮೆಟ್ರೊನಿಡಜೋಲ್ ಮುಟ್ಟಲೇಬೇಡಿ. ಸೋಂಕಿನ ಇನ್ನೊಂದು ಗುಳಿಗೆ ಸಿಪ್ರೊಫ್ಲಾಕ್ಸಸಿನ್ ಜೊತೆಗೇ ಕಬ್ಬಿಣದ ಗುಳಿಗೆ ನುಂಗಿದರೆ ಸಿಪ್ರೊ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಾನೇ ಭೇದಿ ಮಾಡಿಸಬಹುದು. ಚೀಟಿ ತೋರಿಸಿದರೆ ತಾನೇ ಅದು ಗೊತ್ತಾಗುವುದು? ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ನಿಲ್ಲಿಸುವ ಗುಳಿಗೆಯೇ ಬೇಡ, ಆಸ್ಪತ್ರೆಗೆ ಬನ್ನಿ. ಮಕ್ಕಳಿಗೂ ಲೋಪೆರಮೈಡ್ ಬೇಡ, ಓಆರ್‌ಎಸ್ ಮತ್ತು ಜಿಂಕ್ ಕೊಡಿ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು. ಲೋಟದಲ್ಲಿ ಅರ್ಧರ್ಧ ಕದಡಬೇಡಿ. ನಮಸ್ಕಾರ.