ಕಪ್ ಅಲ್ಲಾಡಿಸುವುದನ್ನು ಮರೆಯಬೇಡಿ: ಒಮಾನ್‌ಗೆ ಹೊರಟವರಿಗೆ

ನೀವು ಈಗ ನೋಡುತ್ತಿರುವುದು ಒಮಾನ್‌ನ ನಿಜ್ವಾ ಊರಿನ ಆಡಿನ ಸಂತೆ. ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ನಮ್ಮ ಸಂತೆಗಳಲ್ಲಿ ಆಡು, ಕುರಿ ಕಟ್ಟಿರುತ್ತಾರೆ, ಕೊಳ್ಳುವವರು ಸುತ್ತುತ್ತಾರೆ, ಅಲ್ವಾ? ಇಲ್ಲಿ ಉಲ್ಟಾ. ಕೊಳ್ಳುವವರು ಸುತ್ತಲೂ ಕೂತಿರುತ್ತಾರೆ, ಮಾರುವವರು ಹಗ್ಗ ಹಿಡಿದು ಆಡನ್ನು ಸುತ್ತು ಹಾಕಿಸುತ್ತಾ ಬೆಲೆ ಕೂಗುತ್ತಾರೆ, ಯಾರಾದರೂ ಕೈ ತೋರಿಸಿದರೆ ಅಲ್ಲೇ ನಿಂತು ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾರೆ.

ಆ ಕಡೆ ಮುಖಕ್ಕೆ ಬುರ್ಖಾ ಹಾಕಿಕೊಂಡು ಕೂತಿದ್ದ ಹೆಂಗಸರನ್ನು ಈ ವಿಡಿಯೋದಲ್ಲಿ ನೀವು ನೋಡುವುದಿಲ್ಲ. ಬೇಕಂತಲೇ ತೆಗೆದಿದ್ದೇನೆ. ಕೇಳದೆ ಹೆಂಗಸರ ಕಡೆ ಕ್ಯಾಮೆರಾ ತಿರುಗಿಸಬಾರದು. ಗಂಡಸರಾದರೂ ಕೇಳಿ. 'ಮುಮ್ಕಿನ್ ಸೂರಾ?' ಅಂದರೆ 'ಫೋಟೋ ತೆಗೆಯಬಹುದಾ?' ಅಂತ. ಮೊದಲು 'ಅಸ್ಸಲಾಮು ಅಲೈಕುಂ' ಹೇಳಿ, ಆಮೇಲೆ ಇದನ್ನು ಕೇಳಿ. ನಾನು ಕೇಳಿದವರಲ್ಲಿ ಬೇಡ ಅಂದವರು ಬಹಳ ಕಮ್ಮಿ.

ಹಾಗೆ ಕೇಳಿದ್ದಕ್ಕೇ ಒಬ್ಬ ಅಜ್ಜ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬಿಳಿ ದಿಶ್‌ದಾಶಾ, ಅಂದರೆ ಪಾದದ ತನಕ ಇಳಿಯುವ ನಿಲುವಂಗಿ, ತಲೆ ಮೇಲೆ ಕಸೂತಿ ಹಾಕಿದ ಕುಮ್ಮಾ ಟೋಪಿ. ಮುಂದೆ ಒಂದು ಫ್ಲಾಸ್ಕ್, ಒಂದು ತಟ್ಟೆ ಖರ್ಜೂರ. ಎಡಗೈಯಲ್ಲಿ ಫ್ಲಾಸ್ಕ್ ಹಿಡಿದು, ಹಿಡಿ ಇಲ್ಲದ ಪುಟ್ಟ ಕಪ್ಪನ್ನು ಬಲಗೈಯಲ್ಲಿ ಕೊಟ್ಟರು. ಇದು ಕಾವಾ, ಇಲ್ಲಿನ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಘಮ ಮಾತ್ರ ಮೂಗಿಗೆ ಹೊಡೆಯುತ್ತದೆ. ನಮ್ಮ ಗಟ್ಟಿ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಮೊದಲ ಗುಟುಕು ನೀರು ನೀರು ಅನ್ನಿಸಿತು. ಒಂದು ಖರ್ಜೂರ ಕಚ್ಚಿ, ಮೇಲೆ ಒಂದು ಗುಟುಕು ಕುಡಿದಾಗ ಗೊತ್ತಾಯಿತು. ಸಿಹಿ ಕಪ್ಪಿನಲ್ಲಿಲ್ಲ, ತಟ್ಟೆಯಲ್ಲಿದೆ. ಬಾಬಾ ಬುಡನ್ ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದರು ಅಂತ ಕತೆ ಕೇಳಿದ್ದೇವಲ್ಲ, ಆ ಯೆಮೆನ್ ಇವರ ಪಕ್ಕದ ದೇಶವೇ.

ಕಪ್ಪಿನ ತಳದಲ್ಲಿ ಸ್ವಲ್ಪವೇ ಹಾಕುತ್ತಾರೆ. ಅದು ಜಿಪುಣತನ ಅಲ್ಲ, ಬಿಸಿ ಆರದೆ ಕುಡಿಯಲಿ, ಮತ್ತೆ ಮತ್ತೆ ಹಾಕಿಸಿಕೊಳ್ಳಲಿ ಅಂತ. ನಾನು ಖಾಲಿ ಮಾಡಿದ ಹಾಗೆಲ್ಲ ಅಜ್ಜ ಹಾಕುತ್ತಲೇ ಇದ್ದರು. 'ಶುಕ್ರನ್', ಅಂದರೆ ಧನ್ಯವಾದ, ಅಂದೆ, ನಕ್ಕು ಮತ್ತೆ ಹಾಕಿದರು. ಐದನೇ ಸಲ ಅವರ ಮೊಮ್ಮಗ ನನ್ನ ಕೈ ಹಿಡಿದು ಕಪ್ಪನ್ನು ಎಡಕ್ಕೂ ಬಲಕ್ಕೂ ಎರಡು ಸಲ ಅಲ್ಲಾಡಿಸಿ ತೋರಿಸಿದ. ಸಾಕು ಅನ್ನಲು ಇಷ್ಟು ಮಾಡಬೇಕು. ಅಲ್ಲಾಡಿಸದೆ ಹಾಗೇ ಕೊಟ್ಟರೆ ಇನ್ನೂ ಬೇಕು ಅಂತಲೇ ಅರ್ಥ. ಒಂದು ಕಪ್ಪೂ ಬೇಡ ಅನ್ನಬೇಡಿ, ಅವರಿಗೆ ಬೇಜಾರಾಗುತ್ತದೆ. ಮೂರಕ್ಕೆ ನಿಲ್ಲಿಸಿದರೆ ಚೆಂದ. ತೆಗೆದುಕೊಳ್ಳುವುದೂ ಕೊಡುವುದೂ ಬಲಗೈಯಲ್ಲೇ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮನೆಯಲ್ಲಿ ಅಮ್ಮ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ.

ಇನ್ನು ಮಸ್ಕತ್. ಸುಲ್ತಾನ್ ಕಾಬೂಸ್ ಗ್ರ್ಯಾಂಡ್ ಮಸೀದಿಗೆ ಬೇರೆ ಧರ್ಮದವರಿಗೂ ಪ್ರವೇಶ ಇದೆ, ಆದರೆ ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ. ಹೆಂಗಸರು ತಲೆಗೂದಲು, ಮಣಿಕಟ್ಟು, ಪಾದದ ಗಂಟು ಮುಚ್ಚುವ ಹಾಗೆ ಬಟ್ಟೆ ಹಾಕಬೇಕು. ಗಂಡಸರು ಚಡ್ಡಿಯಲ್ಲಿ ಹೋಗಬೇಡಿ. ನನ್ನ ಕುರ್ತಾದ ತೋಳು ಮೊಣಕೈಗೇ ನಿಂತಿತ್ತು, ಬಾಗಿಲಲ್ಲೇ ತಡೆದರು. ಅಲ್ಲೇ ಬಾಡಿಗೆಗೆ ಅಬಾಯಾ ಸಿಗುತ್ತದೆ, ಆದರೆ ಅದಕ್ಕೆ ಸರತಿಯಲ್ಲಿ ನಿಂತು ನನ್ನ ಅರ್ಧ ಗಂಟೆ ಹೋಯಿತು. ಬ್ಯಾಗಿನಲ್ಲಿ ಒಂದು ದೊಡ್ಡ ದುಪಟ್ಟಾ, ಒಂದು ತುಂಬುತೋಳಿನ ಟಾಪ್ ಇಟ್ಟುಕೊಳ್ಳಿ. ಒಳಗೆ ಹೋದ ಮೇಲೆ ಕಾಲ ಕೆಳಗೆ ನೋಡಿ. ದೊಡ್ಡ ಪ್ರಾರ್ಥನಾ ಸಭಾಂಗಣದ ಪೂರ್ತಿ ನೆಲಕ್ಕೆ ಒಂದೇ ಕಾರ್ಪೆಟ್, ತೂಕ 21 ಟನ್. ಇರಾನಿನ ಹೆಂಗಸರು ನಾಲ್ಕು ವರ್ಷ ಕೂತು ಕೈಯಲ್ಲಿ ಗಂಟು ಹಾಕಿದ್ದು. ಸಂದರ್ಶಕರು ನಡೆಯುವ ಜಾಗಕ್ಕೆ ಬೇರೆ ಹಾಸು ಹಾಕಿದ್ದಾರೆ, ಅದರ ಮೇಲಿಂದ ಬಗ್ಗಿ ಅಂಚಿನ ಹೂವುಗಳನ್ನು ನೋಡುತ್ತಾ ನಾನು ತುಂಬಾ ಹೊತ್ತು ನಿಂತಿದ್ದೆ.

ವಾರದ ರಜೆ ಇಲ್ಲಿ ಶುಕ್ರವಾರ, ಶನಿವಾರ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವ ತನಕ ಮಸ್ಕತ್ ಮಲಗಿರುತ್ತದೆ. ಉಳಿದ ದಿನವೂ ಇಲ್ಲಿನ ಹಳೆ ಮಾರುಕಟ್ಟೆ ಮುತ್ರಾ ಸೂಕ್‌ನಲ್ಲಿ ಮಧ್ಯಾಹ್ನ ಸುಮಾರು ಒಂದರಿಂದ ನಾಲ್ಕರವರೆಗೆ ಅಂಗಡಿಗಳ ಬಾಗಿಲು ಹಾಕಿರುತ್ತದೆ. ನೀವೂ ಮಲಗಿ, ಸಂಜೆ ಹೋಗಿ. ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಹೊತ್ತು ಎಲ್ಲರೆದುರು ತಿನ್ನಬೇಡಿ, ಕುಡಿಯಬೇಡಿ, ನೀರು ಕೂಡ.

ದುಡ್ಡಿನ ಲೆಕ್ಕ ಸ್ವಲ್ಪ ತಲೆ ತಿನ್ನುತ್ತದೆ. ಒಂದು ರಿಯಾಲ್‌ಗೆ 100 ಅಲ್ಲ, 1000 ಬೈಸಾ. ಒಂದು ರಿಯಾಲ್ ನಮ್ಮ 200 ರೂಪಾಯಿಗೂ ಜಾಸ್ತಿ, ಹಾಗಾಗಿ 'ಬರೀ ಐದು ರಿಯಾಲ್' ಅಂದಾಗ ಒಂದು ಕ್ಷಣ ನಿಂತು ಗುಣಿಸಿ. ಟ್ಯಾಕ್ಸಿ ಹತ್ತುವ ಮೊದಲೇ ರೇಟು ಮಾತಾಡಿ. ಚಿಲ್ಲರೆ ವಾಪಸ್ ಕೊಡುವಾಗ 'ಬಾಕಿ' ಅನ್ನುತ್ತಾರೆ, ನಮ್ಮದೇ ಬಾಕಿ! ಖಾಲಿ, ತಾರೀಕು, ಬಾಕಿ, ಇವೆಲ್ಲ ಅರಬ್ಬಿಯಿಂದಲೇ ನಮಗೆ ಬಂದ ಮಾತುಗಳು. ಮಸ್ಕತ್‌ನ ರೂವಿ ಬಡಾವಣೆಯ ಕಡೆ ಹೋದರೆ ಅರಬ್ಬಿಯೂ ಬೇಕಾಗುವುದಿಲ್ಲ, ಹಿಂದಿ, ಮಲಯಾಳಂ ನಡೆಯುತ್ತದೆ, ಒಂದು ಹೋಟೆಲಿನಲ್ಲಂತೂ ಹಿಂದಿನ ಮೇಜಿನಿಂದ ತುಳು ಕೇಳಿಸಿತು.

ವಾದಿ ಶಾಬ್‌ಗೆ ಖಂಡಿತ ಹೋಗಿ. ವಾದಿ ಅಂದರೆ ಬೆಟ್ಟಗಳ ನಡುವಿನ ಹಳ್ಳ; ಇಲ್ಲಿ ಬಂಡೆಗಳ ಮಧ್ಯೆ ಹಸಿರು ನೀರು. ಈಜುವವರು ಟೀ ಶರ್ಟ್, ಮೊಣಕಾಲು ಮುಚ್ಚುವ ಪ್ಯಾಂಟ್ ಹಾಕಿಕೊಳ್ಳಿ, ಸ್ಥಳೀಯ ಕುಟುಂಬಗಳೂ ಬಂದಿರುತ್ತವೆ. ಆದರೆ ಮಳೆ ಮುನ್ಸೂಚನೆ ಇದ್ದರೆ ವಾದಿ ಕಡೆ ತಲೆ ಹಾಕಬೇಡಿ. ನೀವಿರುವ ಕಡೆ ಬಿಸಿಲಿರುತ್ತದೆ, ಮೇಲೆ ಬೆಟ್ಟದಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕೆಳಗೆ ನುಗ್ಗುತ್ತದೆ. ಹರಿಯುವ ನೀರಿಗೆ ಕಾರು ಇಳಿಸಲೇಬೇಡಿ. ಇದನ್ನು ದಯವಿಟ್ಟು ಸುಮ್ನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ದುಬೈ ಮೂಲಕ ವಿಮಾನ ಹಿಡಿಯುವವರಿಗೆ ಒಂದು ಮಾತು. ಪಾಯಸಕ್ಕೆ ಅಂತ ಮನೆಯಲ್ಲಿ ಕಟ್ಟಿಕೊಡುವ ಗಸಗಸೆ ತೆಗೆದಿಡಿ. ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ, ಜೈಲಿನ ತನಕ ಹೋಗಬಹುದು. ಮಾತ್ರೆಗಳಿದ್ದರೆ ಡಾಕ್ಟರ್ ಚೀಟಿ ಜೊತೆಗಿರಲಿ.

ಇದು ಮುತ್ರಾದಲ್ಲಿ ನನ್ನ ಕೊನೆಯ ಸಂಜೆ. ಈ ಹೊಗೆ ಲುಬಾನ್‌ದು. ನಾವು ಲೋಬಾನ ಅನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ಇದರಿಂದಲೇ. ಅಂಗಡಿಯವರು ಒಂದು ತುಂಡನ್ನು ದೀಪಕ್ಕೆ ಹಿಡಿದು ತೋರಿಸಿದರು. ತಿಳಿ ಹಸಿರು ಛಾಯೆ ಇದ್ದು, ಒಳಗೆ ಕಸ ಕಾಣದೆ ಬೆಳಕು ಹಾಯ್ದರೆ ಒಳ್ಳೆಯ ಮಾಲು, ಅದನ್ನು ಹೋಜರಿ ಅನ್ನುತ್ತಾರೆ. ಚೌಕಾಸಿ ಮಾಡಿ, ಆದರೆ ನಗುತ್ತಾ ಮಾಡಿ. ಕಾಲು ಕಿಲೋ ಕಟ್ಟಿಸಿಕೊಂಡೆ. ಈ ಅಂಟು ಸುರಿಸುವ ಮರ ಬೆಳೆಯುವುದು ದಕ್ಷಿಣ ಒಮಾನ್‌ನ ಧೋಫಾರ್‌ನಲ್ಲಿ, ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್. ನಾಳೆ ಬೆಳಿಗ್ಗೆ ಅಲ್ಲಿನ ಸಲಾಲಾ ನಗರದ ಬಸ್ಸು ಹತ್ತುತ್ತಿದ್ದೇನೆ.