ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ನೋಡಿ

ಕೇಳುಗರಿಗೆ ನಮಸ್ಕಾರ.

ಈ ವರ್ಷ ನಮ್ಮ ಕಾಲೇಜಿನಲ್ಲೂ ಒಂದು ಅಂತರ ಕಾಲೇಜು ರಸಪ್ರಶ್ನೆ ಇಟ್ಟುಕೊಳ್ಳೋಣ ಎಂದು ಹೊರಟಿರುವ ಪದವಿ ಕಾಲೇಜಿನ ಮೇಷ್ಟ್ರುಗಳು, ವಿದ್ಯಾರ್ಥಿ ಸಂಘದವರು ರೇಡಿಯೊ ಹತ್ತಿರ ಕೂತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಬ್ಯಾನರು, ಮುಖ್ಯ ಅತಿಥಿ, ನೆನಪಿನ ಕಾಣಿಕೆ ಎಲ್ಲ ಹೇಗೋ ಆಗುತ್ತವೆ. ಆಗದೆ ಉಳಿಯುವ ಕೆಲಸ ಒಂದೇ. ಪ್ರತಿ ಪ್ರಶ್ನೆಯನ್ನೂ, ಅದನ್ನು ಬರೆಯದ ಇನ್ನೊಬ್ಬರ ಮುಂದೆ, ಗಟ್ಟಿಯಾಗಿ ಓದಿ ನೋಡಿ.

ಯಾಕೆ ಅಂತ ಕೇಳಿ. ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಬರೆದವರ ತಲೆಯಲ್ಲಿ ಒಂದೇ ಹೆಸರಿರುತ್ತದೆ. ಕೇಳಿದವರಲ್ಲಿ ಒಬ್ಬರು 1947ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದ ಕೆ. ಚೆಂಗಲರಾಯ ರೆಡ್ಡಿ ಎನ್ನುತ್ತಾರೆ. ಇನ್ನೊಬ್ಬರು ಏಕೀಕರಣವಾದ 1956ರ ನವೆಂಬರ್ 1ನ್ನು ಹಿಡಿದು ಎಸ್. ನಿಜಲಿಂಗಪ್ಪ ಎನ್ನುತ್ತಾರೆ. ಮತ್ತೊಬ್ಬರು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರಲ್ಲಿ, ಆಗ ಇದ್ದವರು ದೇವರಾಜ ಅರಸು ಎನ್ನುತ್ತಾರೆ. ಮೂವರ ಮಾತಿಗೂ ಆಧಾರ ಇದೆ. ಈ ತಕರಾರು ಪಂದ್ಯದ ನಡುವೆ ಎದ್ದರೆ ಅರ್ಧ ಗಂಟೆ ಹೋಯಿತು. ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ ಓದಿ ನೋಡಿದ್ದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು.

ಇನ್ನು ಏರ್ಪಾಡು. ನಮ್ಮಲ್ಲಿ ರೂಢಿ ಏನೆಂದರೆ, ಬೆಳಿಗ್ಗೆ ಒಂದು ಲಿಖಿತ ಸುತ್ತು, ಮೇಲಿನ ಆರು ತಂಡ ವೇದಿಕೆಗೆ, ಉಳಿದವರು ಬಸ್ ಸ್ಟ್ಯಾಂಡಿಗೆ. ದೂರದಿಂದ ಬಂದ ಮಕ್ಕಳು ಅರ್ಧ ಗಂಟೆ ಆಡಿ ಮನೆಗೆ ಹೋಗುವುದು ಯಾವ ನ್ಯಾಯ? ಎಲ್ಲರನ್ನೂ ಎಲ್ಲರೊಡನೆ ಆಡಿಸಿ. ಎಂಟು ತಂಡ, ತಂಡಕ್ಕೆ ನಾಲ್ವರು, ನಾಲ್ಕು ಕೊಠಡಿ, ಏಳು ಸುತ್ತು. ಸುತ್ತಿಗೆ ನಲವತ್ತು ನಿಮಿಷ ಹಿಡಿದರೆ ನಾಲ್ಕು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿದರೆ ಊಟ, ಫೈನಲ್ ಎಲ್ಲ ಸೇರಿ ಸಂಜೆ ನಾಲ್ಕೂವರೆಯೊಳಗೆ ಮುಗಿಯುತ್ತದೆ. ಇಪ್ಪತ್ತನಾಲ್ಕು ತಂಡ ಬಂದರೆ ಆರಾರರ ನಾಲ್ಕು ಗುಂಪು ಮಾಡಿ. ಆಗ ಹನ್ನೆರಡು ಕೊಠಡಿ ಬೇಕು, ಐದು ಸುತ್ತು ಸಾಕು, ಗುಂಪಿನಲ್ಲಿ ಮೊದಲು ಬಂದವರು ಸೆಮಿಫೈನಲಿಗೆ.

ಪ್ರತಿ ಪಂದ್ಯಕ್ಕೆ ಇಪ್ಪತ್ತು ಬಜರ್ ಪ್ರಶ್ನೆ. ಮೊದಲು ಒತ್ತಿದವರೇ ಉತ್ತರಿಸಬೇಕು, ಪಕ್ಕದವರನ್ನು ಕೇಳುವಂತಿಲ್ಲ. ಸರಿಯಾದರೆ ಹತ್ತು ಅಂಕ. ಓದು ಮುಗಿಯುವ ಮುಂಚೆ ಒತ್ತಿ ತಪ್ಪಿದರೆ ಐದು ಕಳೆಯಿರಿ. ಸರಿ ಹೇಳಿದ ತಂಡಕ್ಕೆ ಬೋನಸ್, ಹತ್ತತ್ತು ಅಂಕದ ಮೂರು ಪ್ರಶ್ನೆ. ಇಲ್ಲಿ ನಾಲ್ವರೂ ಚರ್ಚಿಸಬಹುದು. ಒಂದು ಪಂದ್ಯದ ಪ್ರಶ್ನೆಗಳೆಲ್ಲ ಸೇರಿ ಒಂದು ಕಟ್ಟು. ಏಳು ಸುತ್ತಿಗೆ ಏಳು ಕಟ್ಟು, ಫೈನಲಿಗೆ ಒಂದು, ಕೈಯಲ್ಲಿ ಹೆಚ್ಚಿನದೊಂದು, ಒಟ್ಟು ಒಂಬತ್ತು. ಅಂದರೆ 180 ಬಜರ್ ಪ್ರಶ್ನೆ, 540 ಬೋನಸ್ ಪ್ರಶ್ನೆ. ಹಿಂದಿನ ರಾತ್ರಿ ಕೂತು ಬರೆಯುವ ಕೆಲಸ ಇದಲ್ಲ. ಎರಡು ತಿಂಗಳು ಇಟ್ಟುಕೊಳ್ಳಿ, ಅದರಲ್ಲಿ ಕೊನೆಯ ಎರಡು ವಾರ ಬರೀ ಗಟ್ಟಿಯಾಗಿ ಓದುವುದಕ್ಕೆ.

ಬಜರ್ ಪ್ರಶ್ನೆ ಕಷ್ಟದ ಸುಳಿವಿನಿಂದ ಸುಲಭದ ಸುಳಿವಿಗೆ ಇಳಿಯಬೇಕು. ಹೀಗೆ: ‘ಈ ಎಂಜಿನಿಯರ್ ಹೆಸರು ಹೇಳಿ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲು ಹಾಕಿಸಿದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಹುಟ್ಟಿದ ದಿನ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ.’ ಚೆನ್ನಾಗಿ ಓದಿಕೊಂಡವಳು ಖಡಕ್‌ವಾಸ್ಲಾ ಕೇಳಿದ ಕೂಡಲೇ ಒತ್ತುತ್ತಾಳೆ, ಉಳಿದವರು ಸೆಪ್ಟೆಂಬರ್ 15ಕ್ಕೆ. ‘ಈ ಎಂಜಿನಿಯರ್ ಹೆಸರು ಹೇಳಿ’ ಎಂಬುದು ಮೊದಲೇ ಬಂದದ್ದನ್ನು ಗಮನಿಸಿ. ಕನ್ನಡದಲ್ಲಿ ‘ಯಾರು’, ‘ಎಲ್ಲಿ’, ‘ಯಾವುದು’ ಬರುವುದು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ. ಹಾಗೇ ಬಿಟ್ಟರೆ ಕೇಳುತ್ತಿರುವುದು ಊರೋ ಮನುಷ್ಯನೋ ಗೊತ್ತಾಗದೆ ಮಕ್ಕಳು ಊಹೆಯ ಮೇಲೆ ಬಜರ್ ಒತ್ತುತ್ತಾರೆ. ಹಾಳೆಯ ಮೇಲೆ ಈ ದೋಷ ಕಾಣುವುದೇ ಇಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ.

ಈ ಆಟ ಬೆಳೆದದ್ದೇ ಕಿವಿಯಿಂದ, ಅದನ್ನು ಹೇಳದೆ ಮುಂದೆ ಹೋಗಲಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಮನರಂಜನೆಗೆಂದು ಡಾನ್ ರೀಡ್ ಎಂಬವರು ಹೊಂದಿಸಿದ ಆಟ ಇದು. 1953ರಲ್ಲಿ ‘ಕಾಲೇಜ್ ಕ್ವಿಜ್ ಬೌಲ್’ ಎಂಬ ಹೆಸರಿನಲ್ಲಿ ಎನ್‌ಬಿಸಿ ರೇಡಿಯೊಗೆ ಬಂತು. ಆಗ ಎರಡು ತಂಡಗಳು ಒಂದೇ ವೇದಿಕೆಯಲ್ಲಿ ಕೂರುತ್ತಿರಲಿಲ್ಲ. ಅವರವರು ಅವರವರ ಕಾಲೇಜಿನಲ್ಲೇ, ಪ್ರಶ್ನೆ ಕೇಳುವ ಆಲನ್ ಲಡ್ಡನ್ ಇನ್ನೊಂದು ಕಡೆ. ಮುಖ ಕಾಣದು, ಪರದೆ ಇಲ್ಲ, ಸ್ಲೈಡ್ ಇಲ್ಲ. ತಂತಿಯಲ್ಲಿ ಬಂದ ಮಾತೊಂದೇ ಪ್ರಶ್ನೆ! ಒಂದು ಪದ ಎಡವಿದರೂ ಪಂದ್ಯ ಕೆಟ್ಟಂತೆ. 1959ರಲ್ಲಿ ಆಟ ಟಿವಿಗೆ ಹೋಯಿತು, ಆದರೂ ಕಿವಿಯ ಶಿಸ್ತು ಬಿಡಲಿಲ್ಲ. 1966ರ ಮಾರ್ಚ್‌ನಲ್ಲಿ ಜಾರ್ಜಿಯಾದ ಆಗ್ನೆಸ್ ಸ್ಕಾಟ್ ಎಂಬ ಪುಟ್ಟ ಮಹಿಳಾ ಕಾಲೇಜು ದೊಡ್ಡ ಹೆಸರಿನ ಪ್ರಿನ್ಸ್‌ಟನ್ ಎದುರು ಕೂತಿತು. ಗಡಿಯಾರ ಮುಗಿಯುವ ಕೊನೆಯ ಕ್ಷಣದಲ್ಲಿ ಆಗ್ನೆಸ್ ಸ್ಕಾಟಿನ ಹುಡುಗಿಯ ಉತ್ತರ ಸರಿಯಾಯಿತು. 220ಕ್ಕೆ 215! ಐದೇ ಅಂಕದ ಗೆಲುವು. ಆ ಕೊನೆಯ ಪ್ರಶ್ನೆಗೆ ಎರಡು ಉತ್ತರ ಹೊಂದುವಂತಿದ್ದರೆ ಆ ಗೆಲುವಿನ ಗತಿ ಏನಾಗುತ್ತಿತ್ತು, ಯೋಚಿಸಿ.

ಸಮಯ ಮುಗಿಯುತ್ತಿದೆ ಎಂದು ಕಿಟಕಿಯಾಚೆಯಿಂದ ಸನ್ನೆ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕೊಠಡಿಗೆ ಓದುವವರೊಬ್ಬರು, ಅಂಕ ಬರೆಯುವವರೊಬ್ಬರು, ನಾಲ್ಕು ಕೊಠಡಿಗೆ ಎಂಟು ಜನ. ತಕರಾರು ತೀರ್ಮಾನಕ್ಕೆ ಹೊರಗೊಬ್ಬರು. ತಕರಾರು ಬಂದರೆ ಬರೆದಿಟ್ಟು ಆಟ ಮುಂದುವರಿಸಿ. ಗೆಲುವು ಸೋಲು ಅದರಿಂದ ಬದಲಾಗುವಂತಿದ್ದರೆ ಮಾತ್ರ ಕೊನೆಯಲ್ಲಿ ನೋಡಿ. ಎಂಟು ಗುಂಡಿಯ ಬಜರ್‌ನಲ್ಲಿ ಒಂದೊಂದು ಗುಂಡಿಯನ್ನೂ ಪ್ರತಿ ಪಂದ್ಯಕ್ಕೆ ಮುಂಚೆ ಒತ್ತಿಸಿ, ತಂತಿ ಬೆಸುಗೆ ಬಿಡುವುದು ಸಾಮಾನ್ಯ. ಫೋನಿನ ಆ್ಯಪ್ ನಂಬಬೇಡಿ, ನೆಟ್‌ವರ್ಕ್ ತಡವಾದರೆ ಮೊದಲು ಒತ್ತಿದವರೇ ಹಿಂದೆ ಬೀಳುತ್ತಾರೆ. ನಾಲ್ಕೂ ಕೊಠಡಿಯಲ್ಲಿ ಒಂದೇ ಕಟ್ಟು ಒಂದೇ ಹೊತ್ತಿಗೆ ತೆರೆಯಬೇಕು, ಇಲ್ಲದಿದ್ದರೆ ಪ್ರಶ್ನೆ ಕಾರಿಡಾರಿಗೆ ಸೋರುತ್ತದೆ.

ಓದುವವರಿಗೆ ಕಟ್ಟು ಪಂದ್ಯದ ದಿನ ಬೆಳಿಗ್ಗೆ ಕೊಡಬೇಡಿ. ಹಿಂದಿನ ದಿನವೇ ಕೂರಿಸಿ, ಬಾಗಿಲು ಹಾಕಿ, ಒಂಬತ್ತು ಕಟ್ಟನ್ನೂ ಗಟ್ಟಿಯಾಗಿ ಓದಿಸಿ. ನಮಸ್ಕಾರ.