ಸಹಿಗೆ ಬಾಗಿದ ವರ, ಬೀಸಣಿಗೆ ಹಿಡಿದ ವಧು: ಫೋರ್ತೂನಿಯ ‘ಲಾ ವಿಕಾರಿಯಾ’

[ಪರದೆಯ ಮೇಲೆ: ಇಡೀ ಚಿತ್ರ, ನಿಧಾನವಾಗಿ ಮೇಜಿನ ಕಡೆಗೆ]

ನಮಸ್ಕಾರ. ಮೊದಲು ಈ ವರನನ್ನು ನೋಡಿ. ತಿಳಿನೇರಳೆ ಬಣ್ಣದ ಉಡುಪು ತೊಟ್ಟು, ಮೇಜಿನ ಮೇಲೆ ಬಾಗಿ ವಿವಾಹಪತ್ರಕ್ಕೆ ಸಹಿ ಹಾಕುತ್ತಿರುವ ಈತನಿಗೆ ಮದುವೆಯ ವಯಸ್ಸು ದಾಟಿ ಬಹಳ ಕಾಲವಾಗಿದೆ. ವಧುವಾದರೋ ಯುವತಿ, ಬಿಳಿಯ ಉಡುಗೆ, ಕಪ್ಪು ಕೂದಲಲ್ಲಿ ಕಿತ್ತಳೆ ಹೂ. ಆಕೆಯ ಗಮನ ವರನ ಮೇಲಾಗಲಿ ಪತ್ರದ ಮೇಲಾಗಲಿ ಇಲ್ಲ. ಬೀಸಣಿಗೆಯ ಮೇಲೆ ಕಣ್ಣಿಟ್ಟು ಗೆಳತಿಯೊಡನೆ ಮಾತಿಗಿಳಿದಿದ್ದಾಳೆ.

ಸ್ಪೇನಿನ ಮಾರಿಯಾನೋ ಫೋರ್ತೂನಿ ಬರೆದ ‘ಲಾ ವಿಕಾರಿಯಾ’, ಅಂದರೆ ಚರ್ಚಿನ ಕಚೇರಿ, ಎಂಬ ಚಿತ್ರವಿದು. ಶ್ರೀಮಂತರ ಸೊಗಸಿನ ಚಿತ್ರವೆಂದು ಒಂದೇ ಮಾತಿನಲ್ಲಿ ಇದನ್ನು ಬದಿಗೆ ಸರಿಸುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ರೇಷ್ಮೆಯ ಹೊಳಪಿನ ನಡುವೆ ಮದುವೆಯೊಂದು ಕರಾರುಪತ್ರವಾಗುವುದನ್ನು, ಯಾರನ್ನೂ ಹೀಯಾಳಿಸದೆ, ಬರೀ ನೋಟಗಳ ದಿಕ್ಕಿನಿಂದಲೇ ಇಲ್ಲಿ ಹೇಳಲಾಗಿದೆ.

[ಪರದೆಯ ಮೇಲೆ: ಮ್ಯಾಡ್ರಿಡ್ ನಗರದ ಹಳೆಯ ಚಿತ್ರಗಳು]

ಫೋರ್ತೂನಿ ಹುಟ್ಟಿದ್ದು 1838ರಲ್ಲಿ, ಕ್ಯಾಟಲೋನಿಯಾದ ರೆಯುಸ್ ಪಟ್ಟಣದಲ್ಲಿ. 1867ರಲ್ಲಿ ಅವರು ಮ್ಯಾಡ್ರಿಡ್‌ನಲ್ಲಿ ಸೆಸೀಲಿಯಾ ದೆ ಮದ್ರಾಸೋ ಅವರನ್ನು ಮದುವೆಯಾದರು. ಮಾವ ಫೆದೆರೀಕೋ ದೆ ಮದ್ರಾಸೋ ಸ್ವತಃ ಹೆಸರಾಂತ ಚಿತ್ರಕಾರರು, ಆಗ ಪ್ರಾದೋ ವಸ್ತುಸಂಗ್ರಹಾಲಯದ ನಿರ್ದೇಶಕರು. ತಮ್ಮ ಮದುವೆಯ ಕಾಗದಪತ್ರಗಳಿಗಾಗಿ ಚರ್ಚಿನ ಕಚೇರಿಗೆ ಹೋಗಿದ್ದಾಗಲೇ ಈ ಚಿತ್ರದ ಕಲ್ಪನೆ ಮೂಡಿತೆನ್ನುತ್ತಾರೆ. ಆದರೆ ಅವರು ದೃಶ್ಯವನ್ನು ತಮ್ಮ ಕಾಲದಲ್ಲಿ ಇಡದೆ, ಸುಮಾರು ನೂರು ವರ್ಷ ಹಿಂದಕ್ಕೆ, ಚಿತ್ರಕಾರ ಗೋಯಾನ ಕಾಲದ ಸ್ಪೇನಿಗೆ ಒಯ್ದರು. ಆ ಕಾಲದ ಉದ್ದನೆಯ ನಿಲುವಂಗಿಯಿಂದಾಗಿ ಇಂಥ ಚಿತ್ರಗಳಿಗೆ ಸ್ಪ್ಯಾನಿಷ್‌ನಲ್ಲಿ ‘ಕಸಾಕೋನ್’ ಎಂಬ ಹೆಸರೇ ಬಂತು.

ಮನೆಯವರೂ ಗೆಳೆಯರೂ ಇದಕ್ಕೆ ಮಾದರಿಗಳಾಗಿ ನಿಂತರು. ಸೆಸೀಲಿಯಾ ಮತ್ತು ಅವರ ಸೋದರಿ ಇಸಬೆಲ್ ಈ ಗುಂಪಿನಲ್ಲಿದ್ದಾರೆ; ಸೈನಿಕನ ಪಾತ್ರಕ್ಕೆ ನಿಂತವರು ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಮೆಸೋನಿಯೇ.

[ಪರದೆಯ ಮೇಲೆ: ವಧುವಿನ ಉಡುಗೆ, ತೀರಾ ಹತ್ತಿರದಿಂದ]

ಚಿತ್ರದ ಎತ್ತರ 60 ಸೆಂಟಿಮೀಟರ್, ಅಗಲ 93.5 ಸೆಂಟಿಮೀಟರ್. ಅಷ್ಟರೊಳಗೆ ಮದುವೆಯ ದಿಬ್ಬಣವಲ್ಲದೆ ಕಬ್ಬಿಣದ ದೊಡ್ಡ ಜಾಲರಿ, ಗೂಳಿಕಾಳಗದವನು, ಸತ್ತವರ ಆತ್ಮಗಳ ಹೆಸರಿನಲ್ಲಿ ಕಾಣಿಕೆ ಬೇಡುತ್ತಿರುವ ಅರೆಬೆತ್ತಲೆ ಮನುಷ್ಯ, ಎಲ್ಲರೂ ಎಲ್ಲವೂ ಇವೆ. ರೇಷ್ಮೆಯ ನಡುವೆ ಆ ಬರಿಮೈ ಕಂಡಾಗ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಈಗ ವಧುವಿನ ಉಡುಗೆಯನ್ನು ಗಮನಿಸಿ: ದೂರದಿಂದ ಹೂವಾಗಿ ಕಂಡದ್ದು ಹತ್ತಿರ ಹೋದಂತೆ ಕುಂಚದ ಒಂದೆರಡು ಸ್ಪರ್ಶಗಳಾಗಿ ಬಿಡಿಬಿಡಿಯಾಗುತ್ತದೆ. ಪ್ರತಿ ನೂಲನ್ನೂ ಎಣಿಸಿ ಬರೆದಂತೆ ತೋರುವ ಈ ಚಿತ್ರದಲ್ಲಿ ಕೈ ಎಷ್ಟು ಹಗುರವಾಗಿ, ಎಷ್ಟು ನಿರ್ಭಯವಾಗಿ ಓಡಾಡಿದೆ ಎಂಬುದು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

1870ರಲ್ಲಿ ಪ್ಯಾರಿಸಿನ ಗೂಪಿಲ್ ಎಂಬ ಚಿತ್ರವ್ಯಾಪಾರಿಯ ಮಳಿಗೆಯಲ್ಲಿ ಚಿತ್ರ ಪ್ರದರ್ಶನಗೊಂಡಿತು. ವಿಮರ್ಶಕ ತಿಯೋಫೀಲ್ ಗೋತಿಯೇ ಮನಸಾರೆ ಹೊಗಳಿದರು. 70,000 ಫ್ರಾಂಕುಗಳಿಗೆ ಅದು ಮಾರಾಟವಾಯಿತು. ಅದೇ ವರ್ಷ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾಯಿತು. ಫೋರ್ತೂನಿ ಸಂಸಾರಸಮೇತ ಗ್ರನಾಡಾದಲ್ಲಿ ನೆಲೆಸಿದರು. ಚಿತ್ರ ಕೊನೆಗೆ 1922ರಲ್ಲಿ ಸಾರ್ವಜನಿಕ ವಂತಿಗೆಯ ಹಣದಿಂದ ಬಾರ್ಸಿಲೋನಾಕ್ಕೆ ಸೇರಿತು.

[ಪರದೆಯ ಮೇಲೆ: ‘ಜಪಾನೀ ಕೋಣೆಯಲ್ಲಿ ಚಿತ್ರಕಾರನ ಮಕ್ಕಳು’]

ಕೊಳ್ಳುವವರು ಮತ್ತೆ ಮತ್ತೆ ನಿಲುವಂಗಿಯ ಚಿತ್ರಗಳನ್ನೇ ಕೇಳುತ್ತಿದ್ದರು. ಫೋರ್ತೂನಿಗೆ ಅದು ಸಾಕಾಗಿತ್ತು. ತನಗಾಗಿ, ತನ್ನಿಷ್ಟದಂತೆ ಬರೆಯಬೇಕೆಂಬ ಹಂಬಲ ಬಲಿಯುತ್ತಿತ್ತು. 1874ರ ಬೇಸಿಗೆಯನ್ನು ನೇಪಲ್ಸ್ ಬಳಿಯ ಪೋರ್ತಿಚಿಯಲ್ಲಿ ಕಳೆದಾಗ ಅವರು ತಮ್ಮ ಇಬ್ಬರು ಮಕ್ಕಳನ್ನು ಚಿತ್ರಿಸತೊಡಗಿದರು. ಇಲ್ಲಿ ಸಹಿಯೂ ಸಾಕ್ಷಿಗಳೂ ಇಲ್ಲ. ಮಗಳು ಮಾರಿಯಾ ಲೂಯಿಸಾ ಬೀಸಣಿಗೆ ಹಿಡಿದು ದಿವಾನದ ಮೇಲೆ ಒರಗಿದ್ದಾಳೆ, ಪಕ್ಕದಲ್ಲಿ ತಮ್ಮ; ಹಿಂದಿನ ಗೋಡೆಯಲ್ಲಿ ಚಿಟ್ಟೆಗಳು. ಅದೇ ನವೆಂಬರ್ 21ರಂದು, 36ನೆಯ ವಯಸ್ಸಿನಲ್ಲಿ, ಫೋರ್ತೂನಿ ರೋಮ್‌ನಲ್ಲಿ ತೀರಿಕೊಂಡರು. ಪೂರ್ಣಗೊಳ್ಳದ ಈ ಚಿತ್ರ ಇಂದು ಪ್ರಾದೋದಲ್ಲಿದೆ.